ಮೂವರಿಗೊಂದು ಸೂಟು

ಚೆನ್ನಾಗಿ ಹೊಲಿದ ಕೋಟು ಹಾಕಿಕೊಂಡವರನ್ನು ಕಂಡರೆ ನನಗೆ ಈಗಲೂ ಮೊದಲು ಆಸೆಯಾಗುತ್ತದೆ, ಹಿಂದೆಯೇ ನಾಚಿಕೆಯಾಗುತ್ತದೆ. ಆಸೆ ಎಲ್ಲರಿಗೂ ಅರ್ಥವಾಗುವಂಥದ್ದು. ನಾಚಿಕೆ ಯಾಕೆ ಎಂದು ಕೇಳಿದವರಿಗೆ ಇಷ್ಟು ವರ್ಷ ಏನೋ ಒಂದು ಹೇಳಿ ಜಾರಿಕೊಂಡಿದ್ದೇನೆ. ಇನ್ನು ಜಾರಿಕೊಳ್ಳುವ ವಯಸ್ಸಲ್ಲ, ಹೇಳಿಬಿಡುತ್ತೇನೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಯಶವಂತಪುರದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಸೌದೆ ಡಿಪೋದ ಪಕ್ಕ, ಮೂವರು ಬ್ರಹ್ಮಚಾರಿಗಳು ಸೇರಿ ಒಂದು ಕೋಣೆ ಹಿಡಿದಿದ್ದೆವು. ಒಬ್ಬ ರೈಲ್ವೆಯಲ್ಲಿ ಬುಕಿಂಗ್ ಕ್ಲಾರ್ಕು, ಆರಡಿ ಎತ್ತರ, ಗಳದ ಹಾಗೆ ಸಣಕಲು. ಇನ್ನೊಬ್ಬ ಮತ್ತಿಕೆರೆಯ ಶಾಲೆಯಲ್ಲಿ ಮೇಷ್ಟ್ರು, ಗಿಡ್ಡಗೆ ಗುಂಡಗೆ ಇದ್ದವನು, ಬೈದರೂ ನಗುವವನು. ಎತ್ತರದಲ್ಲೂ ದಪ್ಪದಲ್ಲೂ ಅವರಿಬ್ಬರ ನಡುವಿನವನು ನಾನು. ಮೂವರೂ ಒಂದೇ ಪಂಗಡದವರು, ಗೋತ್ರ ಮಾತ್ರ ಬೇರೆ ಬೇರೆ. ಮೂವರಿಗೂ ಮದುವೆಯ ವಯಸ್ಸು. ಜಾತಕದ ಕಟ್ಟು ಹಿಡಿದುಕೊಂಡು ಮನೆ ಮನೆ ಸುತ್ತುತ್ತಿದ್ದ ಪುರೋಹಿತರೊಬ್ಬರು ತಿಂಗಳಿಗೊಮ್ಮೆ ನಮ್ಮ ಕೋಣೆಗೂ ಬಂದು ಹೋಗುತ್ತಿದ್ದರು.

ಕೋಟಿನ ಹುಚ್ಚು ಹತ್ತಿಸಿದ್ದು ನನ್ನ ಆಫೀಸಿನ ಸಾಹೇಬರು. ಕೋಟು ಹಾಕುವವರು ಬೇಕಾದಷ್ಟು ಜನ ಇದ್ದರು. ಚಿಕ್ಕಪೇಟೆಯಲ್ಲಿ ಸಿದ್ಧ ಕೋಟು ಸಿಗುತ್ತಿತ್ತು. ಹಾಕಿಕೊಂಡು ಕೈ ಎತ್ತಿದರೆ ಕೋಟೆಲ್ಲ ಕಿವಿಯ ತನಕ ಮೇಲೆ ಬರುತ್ತಿತ್ತು. ಈ ಸಾಹೇಬರದು ಹಾಗಲ್ಲ. ಅವರು ಗೋಡೆಯ ನಕಾಶೆಗೆ ಕೈ ಚಾಚಿ ಮಾತಾಡಿದರೂ ಕಾಲರು ಕತ್ತನ್ನು ಬಿಟ್ಟು ಒಂದು ಕೂದಲೆಳೆ ಸರಿಯುತ್ತಿರಲಿಲ್ಲ. ಕೂತರೂ ಎದ್ದರೂ ಮೈಯೂ ಬಟ್ಟೆಯೂ ಒಂದೇ. ಅವರು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಏಳಬೇಕು ಎಂದು ಯಾರೂ ಹೇಳಿಕೊಡದಿದ್ದರೂ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು. ಅದು ಅವರ ಹುದ್ದೆಗೆ ಅಲ್ಲ, ಕೋಟಿಗೆ ಎಂದು ನನಗೆ ಖಾತ್ರಿಯಾಗಿತ್ತು. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಇಂಗ್ಲಿಷ್ ದೊರೆಗಳ ಕಾಲದಿಂದ ಇದ್ದ ಒಂದು ಅಂಗಡಿಯಲ್ಲಿ ಅವರದೇ ಮೈಯಳತೆಗೆ ಹೊಲಿಸಿದ್ದು ಎಂದು ಜವಾನ ಹೇಳಿದ.

ಒಂದು ಭಾನುವಾರ ಮೂವರೂ ಹೋಗಿ ಆ ಅಂಗಡಿಯ ಮುಂದೆ ನಿಂತೆವು. ಒಳಗೆ ಹೋಗಲು ಧೈರ್ಯ ಬರಲಿಲ್ಲ. ಮುಂದಿನ ಭಾನುವಾರ ಒಳಗೆ ಹೋದೆವು. ಬೆಲೆ ಕೇಳಿದ ಮೇಲೆ ರೈಲ್ವೆಯವನು ಬಾಗಿಲ ಕಡೆ ತಿರುಗಿಬಿಟ್ಟ. ಒಂದು ಸೂಟಿಗೆ ಹೆಚ್ಚುಕಡಿಮೆ ನಮ್ಮಲ್ಲೊಬ್ಬನ ಮೂರು ತಿಂಗಳ ಸಂಬಳ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನಮ್ಮಂಥವರನ್ನು ನೋಡಿಯೇ ಕಟ್ಟಿದ್ದು. ದಾರಿಯಲ್ಲಿ ನಾನೇ ಬಾಯಿಬಿಟ್ಟೆ: "ಮೂರು ತಿಂಗಳ ಸಂಬಳ ಅಲ್ವೇನ್ರೋ? ನಾವು ಮೂರು ಜನ ಇದೀವಲ್ಲ." ಹೆಣ್ಣು ನೋಡಲು ಹೋಗುವುದು ಒಬ್ಬೊಬ್ಬರೇ, ಮೂವರೂ ಒಂದೇ ದಿನ ಹೋಗುವುದಿಲ್ಲ. ಮತ್ತೆ ಮೂರು ಸೂಟು ಯಾಕೆ ಬೇಕು? ಅವತ್ತು ಆ ಮಾತು ನಮಗೆ ಮಹಾ ಜಾಣತನವಾಗಿ ಕಂಡಿತು.

ಯಾರ ಅಳತೆಗೆ ಹೊಲಿಸುವುದು ಎನ್ನುವಲ್ಲಿ ಜಗಳ ಹತ್ತಿತು. ಎತ್ತು ಏರಿಗೆ, ಕೋಣ ನೀರಿಗೆ. ಉದ್ದವನ್ನು ನನ್ನದು ಇಡಿ, ಸೊಂಟವನ್ನು ಮೇಷ್ಟ್ರದು ಇಡಿ, ತೋಳನ್ನು ಇವನದು ಇಡಿ ಎಂದು ರೈಲ್ವೆಯವನು ಅಂಗಡಿಯಲ್ಲೇ ಶುರುಮಾಡಿದ. ಕಟಿಂಗ್ ಮಾಸ್ಟರು ಟೇಪನ್ನು ಕತ್ತಿಗೆ ಹಾಕಿಕೊಂಡು, "ಸೂಟು ಯಾರು ಹಾಕ್ಕೊಳ್ಳೋದು ಸಾರ್? ಅವರೊಬ್ಬರು ಮುಂದೆ ಬನ್ನಿ, ಉಳಿದೋರು ಕೂತ್ಕೊಳ್ಳಿ" ಎಂದರು. ಮೂವರೂ ಮುಖ ಮುಖ ನೋಡಿಕೊಂಡೆವು. ನಡುವಿನವನು ನಾನಾದ್ದರಿಂದ ನಾನು ಮುಂದೆ ಹೋದೆ.

ಆ ಸುಖವನ್ನು ಮುಚ್ಚಿಡುವುದಿಲ್ಲ. ಭುಜ, ಎದೆ, ಮಣಿಕಟ್ಟು ಎಲ್ಲವನ್ನೂ ಅವರು ಅಳೆದರು. ಒಂದು ಭುಜ ಇನ್ನೊಂದಕ್ಕಿಂತ ಕೊಂಚ ಇಳಿದಿದೆ, ಪರವಾಗಿಲ್ಲ, ಒಳಗೆ ಹತ್ತಿ ಕೊಟ್ಟು ಸರಿಮಾಡೋಣ ಎಂದರು. ಟ್ರಯಲ್ಲಿಗೆ ಹೋದಾಗ ಕೋಟಿನ ತುಂಬಾ ಬಿಳಿ ದಾರದ ಕಚ್ಚಾ ಹೊಲಿಗೆ, ಸೀಮೆಸುಣ್ಣದ ಗೆರೆ. ಮೂರು ಕಡೆ ಕನ್ನಡಿ ಇಟ್ಟ ಕೋಣೆಯಲ್ಲಿ ನಿಲ್ಲಿಸಿದರು. ನನ್ನ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು. ಅರೆ, ಇವನು ಯಾರಪ್ಪ, ಇಷ್ಟು ನೆಟ್ಟಗೆ ನಿಂತಿದ್ದಾನಲ್ಲ ಎನಿಸಿತು. ಉಳಿದಿಬ್ಬರೂ ಹೊರಗೆ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು. ಅವರ ಹಣವೂ ನನ್ನ ಮೈಮೇಲೆ ಇತ್ತು ಎನ್ನುವುದು ಆಗ ಮರೆತೇಹೋಗಿತ್ತು.

ನೇವಿ ಬ್ಲೂ ಬಣ್ಣದ ಆ ಸೂಟು ಮನೆಗೆ ಬಂದ ಮೇಲೆ ಅದಕ್ಕೆ ಒಂದು ಟ್ರಂಕು, ನುಸಿಗುಳಿಗೆ, ಹೊದಿಸಲು ಒಂದು ಹಳೆಯ ಪಂಚೆ. ಮೊದಲು ಹಾಕಿಕೊಂಡು ಹೋದವನು ರೈಲ್ವೆಯವನು. ತೋಳು ಮಣಿಕಟ್ಟಿಗಿಂತ ಒಂದು ಗೇಣು ಮೇಲೆ ನಿಂತಿತ್ತು. ಈಗಿನ ಫ್ಯಾಷನ್ನೇ ಹಾಗೆ ಎಂದು ಹೆಣ್ಣಿನ ಮನೆಯವರಿಗೆ ಹೇಳಿ ಬಂದನಂತೆ. ಅವರು ನಂಬಲಿಲ್ಲ, ಹೆಣ್ಣನ್ನೂ ಕೊಡಲಿಲ್ಲ. ಆಮೇಲೆ ಮೇಷ್ಟ್ರ ಸರದಿ. ಯಲಹಂಕ ಪೇಟೆಯಲ್ಲಿ, ಅಮಲ್ದಾರರ ಕಚೇರಿಯಲ್ಲಿದ್ದು ನಿವೃತ್ತರಾದವರ ಮನೆ. ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡು, ನಗುನಗುತ್ತಾ ಹೊರಟವನು ಸಂಜೆ ಮುಖ ಬಾಡಿಸಿಕೊಂಡು ಬಂದ. ಕೋಟನ್ನು ತಾನೇ ಮಡಿಸಿ ಟ್ರಂಕಿನಲ್ಲಿಟ್ಟ.

"ಏನಾಯ್ತೋ?"

"ಆಗಲ್ಲ ಬಿಡು. ಅವರಿಗೆ ಒಪ್ಪಿಗೆ ಇಲ್ಲ."

ಮುಂದಿನ ಸಲ ಪುರೋಹಿತರು ಬಂದಾಗಲೂ, ಆ ಮನೆ ವಿಷಯ ಎತ್ತಬೇಡಿ ಎಂದು ಕೈಮುಗಿದ. ಬೈದರೂ ನಗುವವನು ಕೆಲವು ವಾರ ನಗಲೇ ಇಲ್ಲ. ಹುಡುಗಿ ಚೆನ್ನಾಗಿದ್ದಳೇನೋ, ಪಾಪ ಎಂದು ನಾವು ಸುಮ್ಮನಾದೆವು.

ಎರಡು ತಿಂಗಳು ಕಳೆದ ಮೇಲೆ ಪುರೋಹಿತರು ಅದೇ ಹುಡುಗಿಯ ಜಾತಕವನ್ನು ನನ್ನ ಮುಂದೆ ಇಟ್ಟರು. ಚೆನ್ನಾಗಿ ಕೂಡಿಬರುತ್ತದೆ ಎಂದರು. ನಮ್ಮ ಪಂಗಡದಲ್ಲಿ ಇರುವ ಮನೆಗಳೇ ಬೆರಳೆಣಿಕೆಯಷ್ಟು. ಸುತ್ತಿ ಸುತ್ತಿ ಅದೇ ಬಾಗಿಲಿಗೆ ಬರಬೇಕು. ಇದನ್ನು ಸೂಟು ಹೊಲಿಸುವ ಮೊದಲೇ ಯೋಚಿಸಬೇಕಿತ್ತು, ಯಾರಿಗೂ ಹೊಳೆದಿರಲಿಲ್ಲ. ಮೇಷ್ಟ್ರನ್ನು ಕೇಳಿದೆ. "ನಂಗೇನು, ಹೋಗ್ ಬಾರೋ" ಎಂದ. ಆಮೇಲೆ, "ಆದ್ರೆ ಆ ಕೋಟು ಬೇಡ ಕಣೋ. ಷರ್ಟಲ್ಲೇ ಹೋಗು. ಒಂದೇ ಕೋಟು ಎರಡು ಸಲ ಆ ಮನೇಗೆ ಹೋದ್ರೆ ಚೆನ್ನಾಗಿರಲ್ಲ" ಎಂದ.

ನನಗೆ ರೇಗಿತು. ಹೊಟ್ಟೆಕಿಚ್ಚು ಎಂದುಕೊಂಡೆ. "ನನ್ನ ಸಂಬಳನೂ ಅದ್ರಲ್ಲಿದೆ. ನನ್ನ ಅಳತೇಗೆ ಹೊಲ್ಸಿರೋದು. ನೀನು ಹಾಕ್ಕೊಂಡು ಹೋಗಬಹುದು, ನಾನು ಹೋಗಬಾರದಾ?" ಎಂದು ಕೂಗಾಡಿದೆ. ರೈಲ್ವೆಯವನು ನನ್ನ ಪಕ್ಷ ಹಿಡಿದು, "ಗಂಡಸರ ಕೋಟನ್ನ ಯಾರು ಗುರುತು ಇಟ್ಕೋತಾರೆ ಬಿಡ್ರೋ. ಎಲ್ಲಾ ಕೋಟೂ ಒಂದೇ ಥರ" ಎಂದ. ಮೇಷ್ಟ್ರು ಚಾಪೆ ಬಿಡಿಸಿ ಗೋಡೆಯ ಕಡೆ ತಿರುಗಿ ಮಲಗಿದ.

ನನಗೆ ಅಪ್ಪ ಇರಲಿಲ್ಲ. ಅಮ್ಮ ಮಧುಗಿರಿಯಿಂದ ಹಿಂದಿನ ದಿನವೇ ಬಂದಿದ್ದಳು. ಸೂಟಿನಲ್ಲಿ ನನ್ನನ್ನು ನೋಡಿ ಎರಡೂ ಕೈಯಿಂದ ನೆಟಿಗೆ ತೆಗೆದಳು. "ದೃಷ್ಟಿ ಆಗುತ್ತೆ ಕಣೋ. ನೀನೇ ಹೊಲ್ಸಿದ್ದಾ? ನಿನ್ನ ಸಂಬಳದಲ್ಲಿ?" ಎಂದು ಕೇಳಿದಳು. ನಾನು ಹ್ಞೂಂ ಎಂದೆ. ಮೂರರಲ್ಲಿ ಒಂದು ಪಾಲಿಗೆ ಅದು ಸುಳ್ಳೇನೂ ಅಲ್ಲವಲ್ಲ. ಯಶವಂತಪುರದಲ್ಲಿ ರೈಲು ಹತ್ತಿದೆವು. ಇಂಜಿನ್ನಿನ ಇದ್ದಲ ಮಸಿ ಕಿಟಕಿಯಿಂದ ಹಾರಿಬರುತ್ತಿತ್ತು. ಅಮ್ಮ ತನ್ನ ಸೆರಗನ್ನು ನನ್ನ ಭುಜಕ್ಕೆ ಹೊದಿಸಿ, ಯಲಹಂಕ ಬರುವ ತನಕ ಹಾಗೇ ಹಿಡಿದುಕೊಂಡು ಕೂತಳು. ಅವಳ ಸೀರೆಗೆ ಮಸಿ ಬಿತ್ತು. ಕೋಟಿಗೆ ಬೀಳಲಿಲ್ಲ.

ಪುರೋಹಿತರಿಗೆ ಅವತ್ತು ಬೇರೆಲ್ಲೋ ಶ್ರಾದ್ಧವಿದ್ದುದರಿಂದ ನಾವಿಬ್ಬರೇ ಹೋದೆವು. ಹುಡುಗಿಯ ಅಪ್ಪ ಜಗಲಿಯಿಂದ ಇಳಿದು ಬಂದು ಕರೆದುಕೊಂಡು ಹೋದರು. ನನ್ನ ಕೋಟನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಮೆಚ್ಚುಗೆ ಎಂದುಕೊಂಡೆ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಸಾಹೇಬರು ಕೂರುವ ಹಾಗೆ ಕೂತೆ. ಹುಡುಗಿ ಉಪ್ಪಿಟ್ಟಿನ ತಟ್ಟೆ ತಂದಳು. ಬಗ್ಗಿ ತಟ್ಟೆ ಕೊಡುವಾಗ ಅವಳ ಕೈ ಅಲ್ಲೇ ನಿಂತಿತು. ಕಣ್ಣು ನನ್ನ ಎದೆಯ ಮೇಲೆ ನಿಂತಿತು. ಅವಳ ಮುಖ ಒಂದು ಗಳಿಗೆ ಎಷ್ಟು ಬೆಳಗಿತೆಂದರೆ, ಆ ಬೆಳಕು ನನಗಾಗಿಯೇ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಆಮೇಲೆ ಅವಳು ನನ್ನ ಮುಖ ನೋಡಿದಳು. ಬೆಳಕು ಹೋಯಿತು. ನಾಚಿಕೊಂಡಳು ಎಂದು ತಿಳಿದೆ. ಆ ಅರೆಗಳಿಗೆಯಲ್ಲೇ ನಾನು ಅವಳನ್ನು ಒಪ್ಪಿಬಿಟ್ಟಿದ್ದೆ. ಒಪ್ಪುವುದೇನು ಬಂತು, ಮನಸ್ಸಿನಲ್ಲಿ ಮನೆ ಹೂಡಿ ಅವಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿಯೂ ಆಗಿತ್ತು.

ಅಮ್ಮನಿಗೆ ಹುಮ್ಮಸ್ಸು ಬಂದುಬಿಟ್ಟಿತ್ತು. "ಈ ಸೂಟು ನಮ್ಮ ಹುಡುಗ ದಂಡಿನಲ್ಲಿ ಹೊಲ್ಸಿದ್ದು. ದೊರೆಗಳು ಹೊಲಿಸ್ತಿದ್ದ ಅಂಗಡಿಯಂತೆ. ಯಾರ ಹತ್ರನೂ ಕೈ ಚಾಚಿದೋನಲ್ಲ. ಎಲ್ಲಾ ಇವನ ಸ್ವಂತ ದುಡಿಮೇದು" ಎಂದು ಹುಡುಗಿಯ ಅಮ್ಮನಿಗೆ ಹೇಳುತ್ತಲೇ ಇದ್ದಳು. ಆಕೆ ಬಾಗಿಲ ಮರೆಯಲ್ಲಿ ನಿಂತು ಗಂಡನ ಮುಖ ನೋಡುತ್ತಿದ್ದರು.

ಹುಡುಗಿಯ ಅಪ್ಪ ಗಂಟಲು ಸರಿಮಾಡಿಕೊಂಡು ವಾಡಿಕೆಯ ಮಾತು ಆಡಿದರು. "ಏನಾದ್ರೂ ಕೇಳೋದಿದ್ರೆ ಕೇಳಮ್ಮ." ಆ ಕಾಲದಲ್ಲಿ ಈ ಮಾತನ್ನು ಎಲ್ಲ ಮನೆಯಲ್ಲೂ ಹೇಳುತ್ತಿದ್ದರು. ಯಾವ ಹುಡುಗಿಯೂ ಏನೂ ಕೇಳುತ್ತಿರಲಿಲ್ಲ. ಇವಳು ಕೇಳಿದಳು.

"ಈ ಕೋಟು ನಿಮ್ದೇನಾ?"

ಅಮ್ಮ ನಕ್ಕಳು. ನಾನೂ ನಕ್ಕೆ. "ಹೌದು. ನನ್ನ ಅಳತೇಗೇ ಹೊಲ್ಸಿದ್ದು" ಎಂದು ತೋಳು ಚಾಚಿ ತೋರಿಸಿದೆ.

ಅವಳು ತಲೆ ತಗ್ಗಿಸಿಕೊಂಡೇ, "ಮಧ್ಯದ ಗುಂಡಿ ನಾನು ಹಾಕಿದ್ದು" ಎಂದಳು.

ಬಗ್ಗಿ ನೋಡಿಕೊಂಡೆ. ಮೇಲಿನ ಗುಂಡಿಗೂ ಕೆಳಗಿನ ಗುಂಡಿಗೂ ನೀಲಿ ದಾರ. ಮಧ್ಯದ್ದಕ್ಕೆ ಕಡುಹಸಿರು, ರವಿಕೆಗೆ ಹಾಕುವಂಥದ್ದು. ಆ ಕೋಟನ್ನು ಕನ್ನಡಿಯ ಮುಂದೆ ಎಷ್ಟು ಸಲ ಹಾಕಿ ತೆಗೆದಿದ್ದೆನೋ, ನನ್ನ ಭುಜ ನೋಡಿಕೊಂಡಿದ್ದೆ, ಬೆನ್ನು ನೋಡಿಕೊಂಡಿದ್ದೆ, ಗುಂಡಿ ನೋಡಿರಲಿಲ್ಲ. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಬಿಡುವುದಿಲ್ಲ. ಅಲ್ಲೇ ಕೂತಿರಬೇಕಾಗುತ್ತದೆ, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಬೇರೆ.

ಹುಡುಗಿಯ ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎರಡು ತಿಂಗಳ ಹಿಂದೆ ಮತ್ತಿಕೆರೆ ಮೇಷ್ಟ್ರೊಬ್ಬರು ಬಂದಿದ್ರು. ಕೂತ್ಕೊಳ್ಳೋವಾಗ ಈ ಗುಂಡಿ ಕಿತ್ತು ಹಾರಿ ಒಳಮನೆ ತನಕ ಉರುಳ್ಕೊಂಡು ಹೋಯ್ತು. ಇವಳೇ ಹುಡುಕಿ ಹಾಕಿಕೊಟ್ಲು. ಅವರು ಬಿದ್ದು ಬಿದ್ದು ನಕ್ರು, ನಾವೂ ನಕ್ವಿ. ಅವರಿಂದ ಸುದ್ದಿ ಬರುತ್ತೆ ಅಂತ ಕಾದ್ವಿ. ಹೆಣ್ಣಿನ ಕಡೆಯವರು ನಾವಾಗಿ ಹೇಗೆ ಕೇಳೋದು? ಒಪ್ಪಿಗೆ ಇಲ್ಲವೇನೋ ಅಂತ ಸುಮ್ಮನಾದ್ವಿ. ಈಗ ಅದೇ ಕೋಟು ನಿಮ್ಮ ಮೈಮೇಲಿದೆ. ನಾವೇನು ತಿಳ್ಕೋಬೇಕು, ಹೇಳಿ" ಎಂದರು.

ಹೇಳಿದೆ. ಮೂವರು, ಒಂದು ಕೋಣೆ, ಒಂದು ಸೂಟು. ಹೇಳುವಾಗ ಅಮ್ಮನ ಕಡೆ ನೋಡಲಾಗಲಿಲ್ಲ. ಅವಳು ಇಷ್ಟು ಹೊತ್ತು ಆಡಿದ ಒಂದೊಂದು ಮಾತೂ ಆ ಕೋಣೆಯಲ್ಲಿ ಇನ್ನೂ ನಿಂತೇ ಇತ್ತು. ನನ್ನ ಮಾನ ಹೋದರೆ ಹೋಗಲಿ, ಅವಳದ್ದನ್ನೂ ಎಳೆದುಕೊಂಡು ಹೋಗಿತ್ತು. ನಾನು ಮುಗಿಸಿದ ಮೇಲೆ ಹುಡುಗಿಯೇ ಕೇಳಿದಳು, ನನ್ನನ್ನಲ್ಲ, ನೆಲವನ್ನು ಕೇಳಿದ ಹಾಗೆ:

"ಅವರು ಚೆನ್ನಾಗಿದ್ದಾರಾ?"

ಅವಳ ಅಮ್ಮ ಒಳಗಿನಿಂದ "ಏ!" ಎಂದು ಗದರಿದರು. ಮುಖ ಬೆಳಗಿದ್ದು ಯಾರಿಗಾಗಿ ಎಂದು ನನಗೆ ಆಗ ಗೊತ್ತಾಯಿತು.

ವಾಪಸು ರೈಲಿನಲ್ಲಿ ಅಮ್ಮ ಸೆರಗು ಹೊದಿಸಲಿಲ್ಲ. ಸೀರೆಗೆ ಬಿದ್ದ ಮಸಿಯನ್ನು ಕೊಡವಿಕೊಳ್ಳುತ್ತಾ, "ನಾನು ಅಷ್ಟೊಂದು ಹೇಳ್ಬಿಟ್ನಲ್ಲೋ" ಎಂದಳು. ಅಷ್ಟೇ. ನನ್ನನ್ನು ಒಂದು ಮಾತು ಅನ್ನಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಅತ್ತೆ. ಕಣ್ಣಿಗೆ ಇದ್ದಲ ಪುಡಿ ಬಿತ್ತು ಎಂದು ಹೇಳಲು ಅನುಕೂಲವಾಗಿತ್ತು. ಸ್ಟೇಷನ್ನಿನಲ್ಲಿ ಇಳಿಯುವಾಗ ಅವಳೇ, "ಆ ಮೇಷ್ಟ್ರಿಗೆ ಹೇಳಪ್ಪ. ಹುಡುಗಿ ಕಾಯ್ತಿದಾಳೆ" ಎಂದಳು.

ಹೇಳಲು ನನಗೆ ಇಷ್ಟವಿರಲಿಲ್ಲ. ಹೊಟ್ಟೆಕಿಚ್ಚು ಮೇಷ್ಟ್ರಿಗೆ ಎಂದಿದ್ದೆನಲ್ಲ, ಈಗ ನನ್ನ ಹೊಟ್ಟೆ ಚೆನ್ನಾಗಿಯೇ ಉರಿಯುತ್ತಿತ್ತು. ಆದರೂ ಕೋಣೆಗೆ ಹೋದವನೇ ಕೋಟು ಬಿಚ್ಚುವ ಮೊದಲು ಹೇಳಿಬಿಟ್ಟೆ. ಬಿಚ್ಚಿದರೆ ಆ ಧೈರ್ಯವೂ ಹೋಗುತ್ತದೆ ಎನಿಸಿತ್ತು.

ಅವನು ಚಾಪೆಯ ಮೇಲೆ ಕೂತುಬಿಟ್ಟ. "ಗುಂಡಿ ಹಾರಿದ್ದಕ್ಕೆ ನಕ್ಕೆ ಕಣೋ. ಆದ್ರೆ ಅವರಮ್ಮ ಕೋಟ್ ಕೊಡಿ, ಹಾಕಿಕೊಡ್ತಾಳೆ ಅಂದ್ರು. ಬಿಚ್ಚಿ ಕೊಡಬೇಕಾಯ್ತು. ಒಳಗಿದ್ದ ಷರ್ಟು ಬೆನ್ನ ಮೇಲೆ ಹರಿದಿತ್ತು. ಮೇಲೆ ಕೋಟಿರುತ್ತಲ್ಲ, ಯಾರು ನೋಡ್ತಾರೆ ಅಂತ ಅದನ್ನೇ ಹಾಕ್ಕೊಂಡು ಹೋಗಿದ್ದೆ. ಅವಳು ಗುಂಡಿ ಹಾಕಿ ಮುಗಿಸೋ ತನಕ ಗೋಡೆಗೆ ಬೆನ್ನು ಒತ್ಕೊಂಡು ಕೂತಿದ್ದೆ. ಆದ್ರೆ ಬಿಚ್ಚೋವಾಗ್ಲೇ ಎಲ್ಲರೂ ನೋಡಿಬಿಟ್ಟಿದ್ರು. ಇನ್ನು ಯಾವ ಮುಖ ಇಟ್ಕೊಂಡು ಸುದ್ದಿ ಕಳಿಸ್ಲಿ?"

"ಅವಳು ನೋಡಿದ್ದು ನಿನ್ನ ನಗುನಂತೆ. ಷರ್ಟಲ್ಲ" ಎಂದೆ. ಅವಳು ಹಾಗೆ ಹೇಳಿರಲಿಲ್ಲ. ಆದರೆ ಅದು ನಿಜವೆಂದು ನನಗೆ ಗೊತ್ತಿತ್ತು.

ಅವನಿಗೆ ತಂದೆತಾಯಿ ಇಲ್ಲ. ಇದ್ದೊಬ್ಬ ಸೋದರಮಾವ ಕೋಲಾರದಲ್ಲಿ ಕಾಯಿಲೆ ಬಿದ್ದಿದ್ದರು. ಗಂಡಿನ ಕಡೆಯಿಂದ ಒಬ್ಬರಾದರೂ ಹೋಗಿ ಮಾತಾಡಬೇಕು. "ನೀನೇ ಬಾರೋ" ಎಂದ. "ನಿಂಗೇನು ತಲೆ ಕೆಟ್ಟಿದ್ಯಾ? ಅದೇ ಮನೇಗೆ? ನಾನು?" ಎಂದು ಹಾರಾಡಿದೆ. ರೈಲ್ವೆಯವನನ್ನು ಕರೆದುಕೊಂಡು ಹೋಗು ಎಂದೆ. ಅವನಿಗೆ ಭಾನುವಾರ ಡ್ಯೂಟಿ. ಕೊನೆಗೆ ಹೋದೆ. ಅವನು ಒಗೆದ ಬಿಳಿ ಷರ್ಟು, ಪಂಚೆ. ನಾನೂ ಹಾಗೆಯೇ. ಪೇಟೆ ಬೀದಿಯಲ್ಲಿ ನಡೆಯುವಾಗ ಕಾಲು ಹಿಂದಕ್ಕೇ ಎಳೆಯುತ್ತಿತ್ತು. ಒಂದು ವಾರದ ಹಿಂದೆ ಗಂಡಾಗಿ ಹೋದ ಮನೆಗೆ ಈಗ ಗಂಡಿನ ಹಿರಿಯನಾಗಿ ಹೋಗುತ್ತಿದ್ದೆ.

ಅದೇ ಜಗಲಿ, ಅದೇ ಕುರ್ಚಿ. ಅವಳ ಅಪ್ಪ ಒಳಗೆ ಕರೆದು ಕೂರಿಸಿದರು. ಸ್ವಲ್ಪ ಹೊತ್ತು ಬೆಳೆ, ಮಳೆ ಎಂದು ಮಾತಾಡಿ, ಆಮೇಲೆ ನೇರವಾಗಿ ನನ್ನ ಕಡೆ ತಿರುಗಿದರು.

"ನೀವು ಒಂದೇ ಕೋಣೇಲಿರೋರು. ನೀವೂ ನಮ್ಮ ಹುಡುಗೀನ ನೋಡಿ ಹೋದೋರು. ಈಗ ನೀವೇ ಹೇಳಿ, ಇವರಿಗೆ ಕೊಡಬಹುದಾ?"

ಬಾಗಿಲ ಮರೆಯಲ್ಲಿ ಬಳೆಯ ಸದ್ದು ನಿಂತಿತು. ಮೇಷ್ಟ್ರು ಕೈ ಮಡಿಲಲ್ಲಿಟ್ಟುಕೊಂಡು ಉಗುರು ನೋಡಿಕೊಳ್ಳುತ್ತಿದ್ದ. ಇಲ್ಲ ಎನ್ನಲು ನನಗೆ ಯಾವ ಕಾರಣವೂ ಇರಲಿಲ್ಲ, ನನ್ನ ಆಸೆ ಒಂದನ್ನು ಬಿಟ್ಟರೆ.

"ಕೊಡಿ ಸಾರ್" ಎಂದೆ. "ಇವನು ಸಾಲ ಕೊಟ್ಟೋರ ಮನೆ ಮುಂದೇನೂ ನಗ್ತಾ ಹೋಗೋನು. ಮಾತು ತಪ್ಪಿದ್ದು ನಾನು ನೋಡಿಲ್ಲ. ನನಗೆ ತಂಗಿ ಇದ್ದಿದ್ರೆ ನಾನೇ ಕೊಡ್ತಿದ್ದೆ."

ಅವರು ತಲೆಯಾಡಿಸಿದರು. ಒಳಗೆ ಲೋಟಗಳ ಸದ್ದಾಯಿತು. ಅವಳು ಕಾಫಿ ತಂದಳು. ಈ ಸಲ ಅವಳ ಕಣ್ಣು ಯಾರ ಬಟ್ಟೆಯ ಮೇಲೂ ನಿಲ್ಲಲಿಲ್ಲ. ಗಂಡಿನ ಕಡೆಯ ಹಿರಿಯರಿಗೆ ಮೊದಲು ಕೊಡಬೇಕಲ್ಲ, ನೇರವಾಗಿ ನನ್ನ ಮುಂದೆ ಬಂದು ಬಗ್ಗಿದಳು. ಮನಸ್ಸು ತುಂಬಿ ಬಂದವರ ದನಿಯಲ್ಲಿ ಹೇಳಿದಳು:

"ತಗೊಳ್ಳಿ, ಅಣ್ಣ."

ನಾನು ಲೋಟ ತೆಗೆದುಕೊಂಡೆ. ಸಕ್ಕರೆ ಸಾಕೇ ಎಂದು ಕೇಳಿದಳು. ಸಾಕಮ್ಮ ಎಂದೆ.